ಮದುವೆಯ ಮಾದರಿ ಚಿತ್ರ: ಛಾಯಾಚಿತ್ರಶಾಲೆಯ ಗಾಜಿನ ಪೆಟ್ಟಿಗೆಯಿಂದ ಆಲ್ಬಮಿನವರೆಗೆ

ಮದುವೆಯ ಛಾಯಾಚಿತ್ರಗಳನ್ನು ಸಾಮಾಜಿಕ ಚರಿತ್ರೆಯ ಆಕರಗಳಾಗಿ ಬಳಸಿಕೊಳ್ಳುವ ಪರಿಪಾಠ ಕಳೆದ ಕೆಲವು ದಶಕಗಳಲ್ಲಿ ನಮ್ಮಲ್ಲಿಯೂ ಬೆಳೆದುಬಂದಿದೆ. ಸೀರೆ ಉಡುವ ಕ್ರಮ, ಆಭರಣಗಳ ಬಗೆ, ಬಾಸಿಂಗದ ರಚನೆ, ಹಸೆಮಣೆಯ ಮೇಲೆ ವಧೂವರರು ಕುಳಿತ ರೀತಿ, ಅವರ ಸುತ್ತ ನಿಂತ ಬಂಧುಗಳ ಸ್ಥಾನಮಾನ ಇವೆಲ್ಲವನ್ನೂ ಹಳೆಯ ಚಿತ್ರಗಳಿಂದ ಓದಿ ತೆಗೆಯುವ ಪ್ರಯತ್ನಗಳು ನಡೆದಿವೆ. ಆದರೆ ಆ ಚಿತ್ರ ಯಾರ ಕಣ್ಣಿಗಾಗಿ ಸಿದ್ಧವಾಯಿತು, ಯಾವ ಕಾರಣದಿಂದ ಉಳಿದುಕೊಂಡಿತು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಗಿರಾಕಿಯು ಹಣ ತೆತ್ತು ತೆಗೆಸಿದ ಚಿತ್ರಗಳು ಗಿರಾಕಿಯ ಮನೆಗೆ ಹೋಗುತ್ತವೆ. ಛಾಯಾಚಿತ್ರಶಾಲೆಯಲ್ಲಿ ಉಳಿಯುವುದು ನೆಗೆಟಿವ್‌ಗಳು, ಯಾರೂ ಬಂದು ಒಯ್ಯದ ಪ್ರತಿಗಳು, ಮತ್ತು ಮುಂದೆ ಬರುವ ಗಿರಾಕಿಗಳಿಗೆ ತೋರಿಸಲೆಂದು ಇರಿಸಿಕೊಂಡ ಮಾದರಿಗಳು. ಹಳೆಯ ಸ್ಟುಡಿಯೋ ಒಂದು ಬಾಗಿಲು ಮುಚ್ಚಿ ಅದರ ಸಾಮಗ್ರಿ ಸಂಗ್ರಹಾಲಯಕ್ಕೋ ಗುಜರಿಗೋ ಸೇರಿದಾಗ ನಮ್ಮ ಕೈಗೆ ಬರುವ ಮದುವೆಯ ಮುದ್ರಿತ ಚಿತ್ರಗಳಲ್ಲಿ ಈ ಮೂರನೆಯ ವರ್ಗದವು ಗಣನೀಯವಾಗಿರುತ್ತವೆ. ಅವು ಮದುವೆಯ ದಾಖಲೆಗಳಷ್ಟೇ ಅಲ್ಲ, ವ್ಯಾಪಾರದ ಸಾಧನಗಳೂ ಹೌದು. ಈ ವ್ಯತ್ಯಾಸವನ್ನು ಮರೆತರೆ ನಾವು ತಪ್ಪು ಚರಿತ್ರೆಯನ್ನು ಬರೆಯುವ ಅಪಾಯವಿದೆ. ಪ್ರಸ್ತುತ ಲೇಖನದಲ್ಲಿ ಮಾದರಿ ಚಿತ್ರವೆಂಬ ಈ ವಸ್ತುವಿನ ಹಿನ್ನೆಲೆಯನ್ನೂ ಅದರ ಲಕ್ಷಣಗಳನ್ನೂ ಪರಿಶೀಲಿಸಲು ಯತ್ನಿಸಲಾಗಿದೆ.

ಬಟ್ಟೆಯ ವ್ಯಾಪಾರಿಯು ತೋರಿಸುವ ನಮೂನೆ, ಕೊಳ್ಳುವವನಿಗೆ ಅಳೆದು ಕೊಡುವ ಥಾನಿನದೇ ಒಂದು ತುಂಡು. ಅಕ್ಕಿಯಂಗಡಿಯವನು ಅಂಗೈಮೇಲೆ ಸುರಿಯುವ ಕಾಳು ಆ ಮೂಟೆಯದೇ. ಮದುವೆಯ ಛಾಯಾಗ್ರಾಹಕನ ಸ್ಥಿತಿ ಹಾಗಲ್ಲ. ಅವನು ಮಾರಬೇಕಾದ ಸರಕು, ವ್ಯವಹಾರ ಕುದುರುವ ಹೊತ್ತಿಗೆ ಹುಟ್ಟಿಯೇ ಇರುವುದಿಲ್ಲ. ಮುಹೂರ್ತ ಮುಗಿದ ಮೇಲೆ ಅದು ಕೆಟ್ಟಿದೆಯೆಂದು ತಿಳಿದರೆ ಮತ್ತೊಮ್ಮೆ ಮಾಡಿಸಿಕೊಳ್ಳುವಂತೆಯೂ ಇಲ್ಲ. ಆದ್ದರಿಂದ ಅವನು ಅನಿವಾರ್ಯವಾಗಿ ಇನ್ನೊಬ್ಬರ ಮದುವೆಯನ್ನು ತೋರಿಸಿ ಇವರ ಮದುವೆಯ ಭರವಸೆಯನ್ನು ಕೊಡಬೇಕಾಗುತ್ತದೆ. ಮಾದರಿ ಚಿತ್ರದ ಎಲ್ಲ ಸೊಗಸೂ ಎಲ್ಲ ತೊಡಕೂ ಇಲ್ಲಿಂದಲೇ ಆರಂಭವಾಗುತ್ತವೆ.

ಮಾದರಿಯನ್ನು ಪ್ರದರ್ಶಿಸುವ ಪದ್ಧತಿ ಛಾಯಾಚಿತ್ರದಷ್ಟೇ ಹಳೆಯದು. 1839ರಲ್ಲಿ ಡಾಗೆರೋಟೈಪ್ ವಿಧಾನ ಪ್ಯಾರಿಸ್ಸಿನಲ್ಲಿ ಬಹಿರಂಗವಾದ ಕೆಲವೇ ವರ್ಷಗಳಲ್ಲಿ ಯೂರೋಪ್ ಮತ್ತು ಅಮೆರಿಕದ ನಗರಗಳಲ್ಲಿ ಭಾವಚಿತ್ರಶಾಲೆಗಳು ತಲೆಯೆತ್ತಿದವು. ಹಗಲಿನ ಬೆಳಕೇ ಆಧಾರವಾಗಿದ್ದುದರಿಂದ ಅವು ಸಾಮಾನ್ಯವಾಗಿ ಕಟ್ಟಡದ ಮೇಲಂತಸ್ತಿನಲ್ಲಿ, ಗಾಜಿನ ಮಾಡಿನ ಕೆಳಗೆ ಇರುತ್ತಿದ್ದವು. ದಾರಿಹೋಕನು ಮೆಟ್ಟಿಲು ಹತ್ತಿ ಬರಬೇಕಾದರೆ ಬೀದಿಯ ಬಾಗಿಲಲ್ಲಿಯೇ ಏನಾದರೊಂದು ಆಕರ್ಷಣೆ ಬೇಕಿತ್ತು. ಬಾಗಿಲ ಪಕ್ಕದ ಗೋಡೆಗೆ ತೂಗುಹಾಕಿದ ಗಾಜಿನ ಪೆಟ್ಟಿಗೆ ಹುಟ್ಟಿಕೊಂಡದ್ದು ಹೀಗೆ. ನಮ್ಮ ಊರುಗಳ ಸ್ಟುಡಿಯೋಗಳು ಷೋಕೇಸೆಂದು ಕರೆಯುವುದು ಇದರ ವಂಶಸ್ಥನನ್ನೇ. ಡಾಗೆರೋಟೈಪಿನಲ್ಲಿ ನೆಗೆಟಿವ್ ಇರುತ್ತಿರಲಿಲ್ಲ, ಪ್ರತಿಯೊಂದು ತಗಡೂ ಏಕಮಾತ್ರ. ಹಾಗಾಗಿ ಪೆಟ್ಟಿಗೆಯಲ್ಲಿಡುವ ಮಾದರಿಗೆ ಪ್ರತ್ಯೇಕವಾಗಿ ಇನ್ನೊಂದು ತಗಡನ್ನು ಬೆಳಕಿಗೊಡ್ಡಬೇಕಾಗುತ್ತಿತ್ತು. ಕುಳಿತವರಿಗೆ ಅದು ಗೊತ್ತಿರುತ್ತಿತ್ತು. 1844ರಲ್ಲಿ ನ್ಯೂಯಾರ್ಕಿನಲ್ಲಿ ಚಿತ್ರಶಾಲೆ ತೆರೆದ ಮ್ಯಾಥ್ಯೂ ಬ್ರಾಡಿಯಂಥವರು ಪ್ರಸಿದ್ಧ ವ್ಯಕ್ತಿಗಳ ಭಾವಚಿತ್ರಗಳನ್ನು ಸಾಲಾಗಿ ತೂಗುಹಾಕಿ ತಮ್ಮ ಶಾಲೆಯ ಘನತೆಯನ್ನು ಸಾರಿದರು.

ಗಾಜಿನ ನೆಗೆಟಿವ್ ಬಂದ ಮೇಲೆ ಈ ಸಂಬಂಧ ಬದಲಾಯಿತು. ಒಂದೇ ನೆಗೆಟಿವ್‌ನಿಂದ ಎಷ್ಟು ಬೇಕಾದರೂ ಪ್ರತಿ ತೆಗೆಯಬಹುದಾಯಿತು. ಅವುಗಳಲ್ಲಿ ಒಂದನ್ನು ಚಿತ್ರಶಾಲೆಯವನು ಗಿರಾಕಿಗೆ ತಿಳಿಸದೆಯೂ ಇಟ್ಟುಕೊಳ್ಳಬಹುದಾಯಿತು. 1854ರಲ್ಲಿ ಪ್ಯಾರಿಸ್ಸಿನ ಡಿಸ್ಡೇರಿ ಹಕ್ಕುಪತ್ರ ಪಡೆದ ಪುಟ್ಟ ಕಾರ್ಡಿನ ಅಳತೆಯ ಭಾವಚಿತ್ರ, 1860ರಲ್ಲಿ ಮೇಯಲ್ ಪ್ರಕಟಿಸಿದ ಇಂಗ್ಲೆಂಡಿನ ರಾಜಕುಟುಂಬದ ಚಿತ್ರಮಾಲೆಯಿಂದಾಗಿ ಎಲ್ಲೆಡೆ ಜನಪ್ರಿಯವಾಯಿತು. 1860ರ ದಶಕದ ಉತ್ತರಾರ್ಧದಲ್ಲಿ ಸುಮಾರು ನಾಲ್ಕೂಕಾಲು ಅಂಗುಲ ಅಗಲ, ಆರೂವರೆ ಅಂಗುಲ ಉದ್ದದ ಕ್ಯಾಬಿನೆಟ್ ಅಳತೆ ಬಳಕೆಗೆ ಬಂದಿತು. ಕಾರ್ಡಿನ ಹಿಂಬದಿಯಲ್ಲಿ ಚಿತ್ರಶಾಲೆಯ ಹೆಸರಿನ ಜೊತೆಗೆ ನೆಗೆಟಿವ್‌ಗಳನ್ನು ಕಾದಿಡಲಾಗಿದೆ, ಬೇಕಾದಾಗ ಪ್ರತಿ ಪಡೆಯಬಹುದು ಎಂಬ ಒಕ್ಕಣೆಯೂ ಅಚ್ಚಾಗಿರುತ್ತಿತ್ತು. ಗಿರಾಕಿಗೆ ಅನುಕೂಲವೆನಿಸಿದ ಈ ಒಕ್ಕಣೆಯೇ ಮಾಲೀಕನ ಸಂಗ್ರಹಕ್ಕೂ ಮೂಲವಾಯಿತೆಂಬುದು ಗಮನಾರ್ಹ.

ಭಾರತದಲ್ಲಿ ಮುಂಬಯಿಯ ಛಾಯಾಚಿತ್ರ ಸಂಘ 1854ರಲ್ಲಿಯೂ, ಬಂಗಾಳ ಮತ್ತು ಮದರಾಸಿನ ಸಂಘಗಳು 1856ರಲ್ಲಿಯೂ ಸ್ಥಾಪನೆಯಾದವು. 1863ರಲ್ಲಿ ಭಾರತಕ್ಕೆ ಬಂದ ಸ್ಯಾಮ್ಯುಯೆಲ್ ಬೋರ್ನ್ ಪಾಲುದಾರನಾಗಿದ್ದ ಸಂಸ್ಥೆಯು ತನ್ನ ಹಿಮಾಲಯದ ದೃಶ್ಯಗಳಿಗೆ ಕ್ರಮಸಂಖ್ಯೆ ಕೊಟ್ಟು ಪಟ್ಟಿ ಮಾಡಿ ಮಾರುತ್ತಿತ್ತು. ಬೆಟ್ಟ, ದೇಗುಲಗಳ ಚಿತ್ರದಲ್ಲಿ ಮಾದರಿಯೇ ಸರಕು, ನೋಡಿದ್ದನ್ನೇ ಕೊಳ್ಳಬಹುದು. ಮನುಷ್ಯರ ಚಿತ್ರದಲ್ಲಿ ಹಾಗಾಗುವುದಿಲ್ಲ. ಅದರಲ್ಲಿಯೂ ಸ್ತ್ರೀಯರ ಚಿತ್ರದ ವಿಷಯ ಇನ್ನೂ ಸೂಕ್ಷ್ಮ. ಲಾಲಾ ದೀನ್‌ದಯಾಳ್ (1844–1905) ಹೈದರಾಬಾದಿನಲ್ಲಿ 1892ರಲ್ಲಿ ಜನಾನಾ ಸ್ಟುಡಿಯೋ ಒಂದನ್ನು ತೆರೆದು ಅದರ ಹೊಣೆಯನ್ನು ಒಬ್ಬ ಆಂಗ್ಲ ಮಹಿಳೆಗೆ ವಹಿಸಿದ್ದರು. ಗೋಷೆಯ ಸ್ತ್ರೀಯರು ಪರಪುರುಷರ ಕಣ್ಣಿಗೆ ಬೀಳದೆ ಚಿತ್ರ ತೆಗೆಸಿಕೊಳ್ಳುವುದಕ್ಕೆಂದೇ ಮಾಡಿದ ಏರ್ಪಾಡು ಅದು. ಅಂಥ ಕಡೆ ತೆಗೆದ ಚಿತ್ರವನ್ನು ಬೀದಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಸ್ಟುಡಿಯೋದ ಉದ್ದೇಶವೇ ಹಾಳಾಗುತ್ತಿತ್ತು. ಒಳ್ಳೆಯ ಕೆಲಸವನ್ನು ತೋರಿಸಿದರೆ ಗಿರಾಕಿ ಬರುತ್ತಾನೆ, ತೋರಿಸಿದರೆ ಗಿರಾಕಿಯ ನಂಬಿಕೆ ಹೋಗುತ್ತದೆ ಎಂಬ ಇಕ್ಕಟ್ಟು ಮದುವೆಯ ಛಾಯಾಚಿತ್ರಣವನ್ನು ಇಂದಿಗೂ ಬಿಟ್ಟಿಲ್ಲ.

ಮೈಸೂರು ಸಂಸ್ಥಾನದಲ್ಲಿಯಾಗಲಿ, ಮುಂಬಯಿ ಕರ್ನಾಟಕದ ಪಟ್ಟಣಗಳಲ್ಲಿಯಾಗಲಿ ಆರಂಭದ ಮದುವೆಯ ಚಿತ್ರಗಳು ಬಹುಮಟ್ಟಿಗೆ ಮದುವೆಯಲ್ಲಿ ತೆಗೆದವಲ್ಲ, ಮದುವೆಯ ನಂತರ ತೆಗೆದವು. ದಂಪತಿಗಳು ಸ್ಟುಡಿಯೋಗೆ ಬಂದು, ಬರೆದ ಪರದೆಯ ಮುಂದೆ ನಿಂತೋ ಕುಳಿತೋ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಮನೆಯಂಗಳದಲ್ಲಿ ತೆಗೆಯುವುದಾದರೆ ಅದು ಚಪ್ಪರದ ಹೊರಗಿನ ಬಿಸಿಲಿನಲ್ಲಿ ಬಂಧುಗಳೆಲ್ಲ ಸಾಲಾಗಿ ನಿಂತ ಒಂದು ಸಮೂಹಚಿತ್ರ. ಆಗಿನ ಮಾದರಿಯೆಂದರೆ ಬಿಡಿಚಿತ್ರವೇ. ಗಿರಾಕಿಯು ಅದನ್ನು ನೋಡಿ ಆರಿಸಬೇಕಾಗಿದ್ದ ಸಂಗತಿಗಳು ಕೆಲವೇ: ಪರದೆ ಯಾವುದು, ಕುರ್ಚಿ ಯಾವುದು, ಕ್ಯಾಬಿನೆಟ್ ಅಳತೆಯೋ ಫುಲ್ ಪ್ಲೇಟೋ, ಬಣ್ಣ ಹಚ್ಚಿಸುವುದೋ ಬೇಡವೋ. ವರನು ಕುಳಿತು ವಧು ನಿಲ್ಲಬೇಕೇ, ಇಬ್ಬರೂ ನಿಲ್ಲಬೇಕೇ ಎಂಬುದನ್ನು ಕೂಡ ಗೋಡೆಯ ಮೇಲಿನ ಚಿತ್ರಗಳೇ ತೀರ್ಮಾನಿಸುತ್ತಿದ್ದವು. ಬೇರೆ ಬೇರೆ ಮನೆಗಳಲ್ಲಿ ತೂಗುಹಾಕಿದ, ಒಂದೇ ಸ್ಟುಡಿಯೋದಲ್ಲಿ ತೆಗೆಸಿದ ಚಿತ್ರಗಳಲ್ಲಿ ಅದೇ ಕೈಯ ಭಂಗಿ, ಅದೇ ಹೂದಾನಿ ಮರುಕಳಿಸುವುದನ್ನು ಕಂಡವರು ಅದನ್ನು ಕಾಲದ ಅಭಿರುಚಿಯೆಂದು ವಿವರಿಸುವುದುಂಟು. ಅಭಿರುಚಿಯಷ್ಟೇ ಅಲ್ಲ, ಮಾದರಿಯ ಪ್ರಭಾವವೂ ಅಲ್ಲಿದೆ.

ಸುರುಳಿ ಫಿಲ್ಮು ಮತ್ತು ಫ್ಲಾಷ್ ಬಂದ ಮೇಲೆ ಛಾಯಾಗ್ರಾಹಕನು ಮದುವೆಯ ಮನೆಯ ಒಳಗೆ ಕಾಲಿಟ್ಟನು. ಆಗ ಬಿಡಿಚಿತ್ರದ ಮಾದರಿ ಸಾಲದಾಗಿ ಮಾದರಿ ಆಲ್ಬಂ ಅಗತ್ಯವಾಯಿತು. ಇದರ ರಚನೆಯನ್ನು ತಿಳಿಯಲು ಸ್ವಲ್ಪ ಲೆಕ್ಕ ಬೇಕು. 120 ಅಳತೆಯ ಸುರುಳಿಯಲ್ಲಿ ಚೌಕಾಕಾರದ ಹನ್ನೆರಡು ಚಿತ್ರಗಳು ಸಿಗುತ್ತವೆ. ಮೂರು ಸುರುಳಿಗೆ ಒಪ್ಪಂದವಾದರೆ ಮೂವತ್ತಾರು. ಹಳೆಯ ಫ್ಲಾಷ್ ಬಲ್ಬು ಒಂದು ಸಲಕ್ಕೆ ಮಾತ್ರ ಉರಿಯುವಂಥದು, ಆದ್ದರಿಂದ ಪ್ರತಿಯೊಂದು ಚಿತ್ರಕ್ಕೂ ಫಿಲ್ಮಿನ ಜೊತೆ ಒಂದು ಬಲ್ಬಿನ ಖರ್ಚು. ಕಾಶೀಯಾತ್ರೆ, ವರಪೂಜೆ, ಅಂತರಪಟ, ಜೀರಿಗೆ ಬೆಲ್ಲ, ಮಾಂಗಲ್ಯಧಾರಣೆ, ಧಾರೆ, ಲಾಜಾಹೋಮ, ಸಪ್ತಪದಿ, ಅರುಂಧತೀದರ್ಶನ, ಆರತಕ್ಷತೆ, ಹೆಣ್ಣೊಪ್ಪಿಸುವುದು ಇಷ್ಟಕ್ಕೂ ಮೂವತ್ತಾರನ್ನು ಹಂಚಬೇಕು. ಎರಡೂ ಕಡೆಯ ಹಿರಿಯರ ಗುಂಪುಚಿತ್ರಗಳಿಗೆ ಅದರಲ್ಲಿಯೇ ಎಡೆಯಿರಬೇಕು. ಈ ಹಂಚಿಕೆಯನ್ನು ಬಾಯಿಮಾತಿನಲ್ಲಿ ವಿವರಿಸುವುದು ಕಷ್ಟ. ಮಾದರಿ ಆಲ್ಬಂ ತಿರುವಿಹಾಕಿದರೆ ಯಾವ ಶಾಸ್ತ್ರಕ್ಕೆ ಎಷ್ಟು ಚಿತ್ರ ಎಂಬುದು ತಾನಾಗಿ ತಿಳಿಯುತ್ತಿತ್ತು. ಲಿಖಿತ ಕರಾರು ಇಲ್ಲದ ಈ ವೃತ್ತಿಯಲ್ಲಿ ಕರಾರುಪತ್ರದ ಸ್ಥಾನದಲ್ಲಿದ್ದದ್ದು ಮಾದರಿ ಆಲ್ಬಮ್ಮೇ ಎಂದು ಹೇಳಿದರೆ ಉತ್ಪ್ರೇಕ್ಷೆಯಾಗಲಾರದು.

ಆಲ್ಬಮಿನ ಆಯ್ಕೆಯಲ್ಲಿಯೂ ಒಂದು ವಿವೇಕವಿತ್ತು. ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟು, ಚೌಲ್ಟ್ರಿಗೆ ಮುಂಗಡ ತೆತ್ತು ಸ್ಟುಡಿಯೋಗೆ ಬರುತ್ತಿದ್ದವರು ಬಹುಮಟ್ಟಿಗೆ ಮನೆಯ ಹಿರಿಯ ಗಂಡಸರು. ಅನುಭವಸ್ಥ ಛಾಯಾಗ್ರಾಹಕನು ತನ್ನ ಅತ್ಯುತ್ತಮ ಚಿತ್ರಗಳನ್ನು ಮೊದಲೇ ತೋರಿಸುತ್ತಿರಲಿಲ್ಲ. ಬಂದವರ ಕಡೆಯ ಮದುವೆಯ ಕ್ರಮ ಯಾವುದೆಂದು ಮಾತಿನಲ್ಲಿ ತಿಳಿದುಕೊಂಡು ಅದಕ್ಕೆ ಹೊಂದುವ ಆಲ್ಬಮನ್ನು ಕಪಾಟಿನಿಂದ ತೆಗೆಯುತ್ತಿದ್ದನು. ಕೊಡವರ ದಂಪತಿ ಮುಹೂರ್ತ, ಮಂಗಳೂರಿನ ಕ್ರೈಸ್ತರ ರೋಸ್, ಉತ್ತರ ಕರ್ನಾಟಕದ ಸುರಗಿ, ಮುಸಲ್ಮಾನರ ನಿಕಾಹ್ ಇವುಗಳಲ್ಲಿ ಯಾವುದು ಮುಖ್ಯ ಘಳಿಗೆ, ಆಗ ಎಲ್ಲಿ ನಿಂತರೆ ಎಲ್ಲರ ಮುಖವೂ ಸಿಗುತ್ತದೆ ಎಂಬುದು ತನಗೆ ಗೊತ್ತಿದೆಯೆಂದು ತೋರಿಸುವುದೇ ಅಲ್ಲಿ ಉದ್ದೇಶ. ಹಿರಿಯರು ಛಾಯಾಚಿತ್ರದ ಸೊಬಗಿಗಿಂತ ಹೆಚ್ಚಾಗಿ ಇದನ್ನೇ ನೋಡುತ್ತಿದ್ದರು. ಪರಿಚಿತರ ಮದುವೆಯ ಆಲ್ಬಂ ಕಂಡರಂತೂ ಮಾತು ಸುಲಭವಾಗುತ್ತಿತ್ತು; ‘ಇವರು ನಮ್ಮ ಬೀಗರ ಕಡೆಯವರಲ್ಲವೇ’ ಎಂಬ ಒಂದು ಮಾತು ಹತ್ತು ಉತ್ತಮ ಚಿತ್ರಗಳ ಕೆಲಸ ಮಾಡುತ್ತಿತ್ತು. ಹಾಗೆ ಗುರುತು ಹತ್ತುವುದರಲ್ಲಿಯೇ ಬೇರೊಂದು ತೊಂದರೆಯೂ ಅಡಗಿತ್ತೆಂಬುದನ್ನು ಮುಂದೆ ನೋಡಲಿದ್ದೇವೆ.

ಮಾದರಿಯು ಮದುವೆಯನ್ನು ಅನುಸರಿಸುವುದರ ಬದಲು ಮದುವೆಯೇ ಮಾದರಿಯನ್ನು ಅನುಸರಿಸತೊಡಗಿದ್ದು ಈ ಚರಿತ್ರೆಯ ಮುಖ್ಯ ತಿರುವು. ಆಲ್ಬಮಿನಲ್ಲಿ ಕಂಡ ಚಿತ್ರವೇ ತಮಗೂ ಬೇಕೆಂದಾಗ, ತಾಳಿ ಕಟ್ಟುವ ಕೈ ಕ್ಷಣಕಾಲ ನಿಂತಲ್ಲೇ ನಿಲ್ಲಬೇಕಾಯಿತು. ಪುರೋಹಿತರು ಮಂತ್ರ ನಿಲ್ಲಿಸಿ ಪಕ್ಕಕ್ಕೆ ಸರಿಯಬೇಕಾಯಿತು. ಕ್ರಿಸ್ಟೋಫರ್ ಪಿನ್ನಿಯವರು ಮಧ್ಯಪ್ರದೇಶದ ನಾಗದಾ ಪಟ್ಟಣದ ಸ್ಟುಡಿಯೋಗಳನ್ನು ಕುರಿತು ನಡೆಸಿ 1997ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಅಧ್ಯಯನ, ಭಾರತದ ಸಣ್ಣ ಊರಿನ ಛಾಯಾಚಿತ್ರವು ಇದ್ದದ್ದನ್ನು ಇದ್ದಂತೆ ಹಿಡಿಯುವುದಕ್ಕಿಂತ ಆಗಬಯಸಿದ್ದನ್ನು ಕಟ್ಟಿಕೊಡುವ ಕಡೆಗೆ ಒಲಿದದ್ದನ್ನು ಗಮನಕ್ಕೆ ತಂದಿತು. ಆದರೆ ಆಗಬಯಸಿದ್ದರ ರೂಪ ಗಿರಾಕಿಗೆ ಎಲ್ಲಿಂದ ಬಂತು? ಸಿನಿಮಾದಿಂದ ಎಂಬ ಉತ್ತರ ಸುಲಭ. ಷೋಕೇಸಿನಿಂದ ಎಂಬ ಉತ್ತರವನ್ನೂ ಅದರ ಪಕ್ಕದಲ್ಲಿಡಬೇಕು. ಚಿತ್ರತಾರೆಯ ಭಾವಚಿತ್ರ ಮತ್ತು ಊರಿನ ವಧುವಿನ ಹಿಗ್ಗಿಸಿದ ಚಿತ್ರ ಒಂದೇ ಗಾಜಿನ ಹಿಂದೆ ಅಕ್ಕಪಕ್ಕದಲ್ಲಿ ಇರುತ್ತಿದ್ದುದು ಆ ಷೋಕೇಸಿನಲ್ಲಿಯೇ.

ವರ್ಣಚಿತ್ರ, 1982ರ ಬಳಿಕ ಹರಡಿದ ಬಣ್ಣದ ದೂರದರ್ಶನ, ಅದರ ಬೆನ್ನಿಗೇ ಬಂದ ವಿಡಿಯೋ ಕ್ಯಾಸೆಟ್ಟು ಇವು ಮಾದರಿಯ ರೂಪವನ್ನು ಮತ್ತೆ ಬದಲಿಸಿದವು. ಹೃದಯಾಕೃತಿಯ ಚೌಕಟ್ಟು, ವರನ ಅಂಗೈಯಲ್ಲಿ ನಿಂತ ವಧು, ಹೂವಿನೊಳಗಿಂದ ಮೂಡುವ ಮುಖ ಇಂಥ ಮಿಶ್ರಣಗಳನ್ನು ತೋರಿಸಲು ಸ್ಟುಡಿಯೋಗಳು ಮಾದರಿ ಕ್ಯಾಸೆಟ್ಟುಗಳನ್ನು ಇಟ್ಟುಕೊಂಡವು. 2000ದ ದಶಕದಲ್ಲಿ ಪುಟಕ್ಕೆ ಪುಟವನ್ನೇ ಒಂದು ಚಿತ್ರವಾಗಿ ಮುದ್ರಿಸುವ ಕರಿಜ್ಮಾ ಆಲ್ಬಂ ಬಂದಾಗ, ಸಿದ್ಧ ಪುಟವಿನ್ಯಾಸಗಳನ್ನು ತುಂಬಿದ ಡಿಸ್ಕುಗಳು ಮಾರುಕಟ್ಟೆಗೆ ಬಂದವು. ಗಣಕದ ತೆರೆಯ ಮೇಲೆ ಮುಖವನ್ನಷ್ಟೇ ಬದಲಿಸಿದರೆ ಸಾಕು, ಉಳಿದದ್ದೆಲ್ಲ ಮೊದಲೇ ಸಿದ್ಧ. ಈಗ ಮೊಬೈಲಿನಲ್ಲಿ ತೋರಿಸುವ ಚಿತ್ರಗಳ ಬಗ್ಗೆ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ವಧುವರರೇ ಆಯ್ಕೆ ಮಾಡುವವರಾಗಿ, ಹಿರಿಯರು ಹಣ ಕೊಡುವವರಾಗಿ ಮಾತ್ರ ಉಳಿದ ಸ್ಥಿತ್ಯಂತರ ಅವುಗಳೊಡನೆ ಬಂದಿತೆಂಬುದನ್ನಷ್ಟೇ ಸೂಚಿಸಬಹುದು.

ಮಾದರಿ ಆಲ್ಬಮಿಗೆ ಎಂಥ ಮದುವೆ ಸೇರಲಿಲ್ಲ ಎಂಬುದು ಸಂಶೋಧಕನಿಗೆ ಎಂಥದು ಸೇರಿತು ಎಂಬುದಕ್ಕಿಂತ ಮುಖ್ಯ. ಸಾಲ ಮಾಡಿ ಒಂದೇ ಸುರುಳಿ ತೆಗೆಸಿದ ಮನೆಯ ಮದುವೆ ಸೇರಲಿಲ್ಲ. ನೋಂದಣಾಧಿಕಾರಿಯ ಕಚೇರಿಯಲ್ಲಿ ಸಹಿ ಹಾಕಿ ಮುಗಿಸಿದ್ದು, ವಿಧವೆಯ ಮರುಮದುವೆ, ಎರಡೂ ಮನೆಯವರು ಒಪ್ಪದ ಅಂತರ್ಜಾತೀಯ ವಿವಾಹ ಇವು ಸೇರುವ ಸಂಭವ ತೀರ ಕಡಿಮೆ; ಹೊಸ ಗಿರಾಕಿಗೆ ಅವನ್ನು ತೋರಿಸಿ ವ್ಯಾಪಾರ ಕುದುರಿಸುವಂತಿರಲಿಲ್ಲ. ಕುವೆಂಪು ಅವರು ರೂಪಿಸಿದ, 1966ರಲ್ಲಿ ಅವರ ಮಗ ತೇಜಸ್ವಿಯವರ ವಿವಾಹವೂ ಅನುಸರಿಸಿದ ಮಂತ್ರಮಾಂಗಲ್ಯದಲ್ಲಿ ಹೋಮವಿಲ್ಲ, ಪುರೋಹಿತರಿಲ್ಲ, ಆಡಂಬರಕ್ಕೆ ಎಡೆಯಿಲ್ಲ. ಮೂವತ್ತಾರು ಚಿತ್ರಗಳ ಮಾದರಿಯ ಬಹುಪಾಲು ಪುಟಗಳು ಅಲ್ಲಿ ಖಾಲಿಯಾಗಿಯೇ ಉಳಿಯುತ್ತವೆ. (ತೇಜಸ್ವಿಯವರು ಸ್ವತಃ ಒಳ್ಳೆಯ ಛಾಯಾಗ್ರಾಹಕರಾಗಿದ್ದರು, ಅವರು ಹಿಂದೆ ಬಿದ್ದದ್ದು ಹಕ್ಕಿಗಳನ್ನು.) ಆದಕಾರಣ, ಒಂದು ಸ್ಟುಡಿಯೋದ ಮಾದರಿ ಆಲ್ಬಮುಗಳನ್ನು ಮುಂದಿಟ್ಟುಕೊಂಡು ಆ ಊರಿನ ಮದುವೆಗಳು ಹೀಗಿದ್ದವು ಎಂದು ಬರೆಯುವುದು, ಅಂಗಡಿಯ ಗಾಜಿನೊಳಗಿನ ಸೀರೆಗಳನ್ನು ನೋಡಿ ಊರಿನ ಹೆಂಗಸರು ಉಡುತ್ತಿದ್ದುದು ಇವೇ ಎಂದು ಬರೆದಂತಾಗುತ್ತದೆ.

ಹಾಗಾದರೆ ಚಿತ್ರವೊಂದು ಮಾದರಿಯಾಗಿ ಬಳಕೆಯಾಗಿತ್ತೆಂದು ತಿಳಿಯುವುದು ಹೇಗೆ? ವಸ್ತುವೇ ಕೆಲವು ಸಾಕ್ಷ್ಯಗಳನ್ನು ನುಡಿಯುತ್ತದೆ. ಷೋಕೇಸಿನಲ್ಲಿದ್ದ ಚಿತ್ರ ಬಿಸಿಲಿಗೆ ಬಿಳಿಚಿಕೊಂಡಿರುತ್ತದೆ. ಚೌಕಟ್ಟಿನ ಅಂಚಿನಡಿ ಮರೆಯಾಗಿದ್ದ ಪಟ್ಟಿಯಲ್ಲಿ ಮಾತ್ರ ಮೂಲ ಬಣ್ಣ ಉಳಿದಿರುತ್ತದೆ. ಆಲ್ಬಮಿನೊಳಗೆ ಕತ್ತಲಲ್ಲಿದ್ದ ಹಳೆಯ ವರ್ಣಚಿತ್ರ ಇದಕ್ಕೆ ಬದಲಾಗಿ ಕೆಂಪಿಗೆ ತಿರುಗಿರುವುದೇ ಹೆಚ್ಚು. ಮೂಲೆಗಳಲ್ಲಿ ಗುಂಡುಸೂಜಿಯ ತೂತುಗಳಿದ್ದರೆ, ಸ್ಟುಡಿಯೋದ ಮೊಹರು ಹಿಂಬದಿಯಲ್ಲಲ್ಲದೆ ಮುಂಬದಿಯಲ್ಲಿಯೇ ಎದ್ದು ಕಾಣುವಂತಿದ್ದರೆ ಅದು ಪ್ರದರ್ಶನಕ್ಕಿದ್ದದ್ದು. ಮನೆಯ ಆಲ್ಬಮಿನಲ್ಲಿ ಹೆಸರು, ತಾರೀಖು, ‘ಚಿಕ್ಕಪ್ಪನವರ ಜೊತೆ’ ಎಂಬಂಥ ಬರಹಗಳಿರುತ್ತವೆ. ಮಾದರಿಯಲ್ಲಿ ಹೆಸರಿರುವುದಿಲ್ಲ, ಸಂಖ್ಯೆಯೋ ದರವೋ ಇರುತ್ತದೆ. ಪುಟಗಳ ಕೆಳಮೂಲೆ ಅನೇಕ ಕೈಗಳ ತಿರುವಿನಿಂದ ಸವೆದು ಮಾಸಿರುತ್ತದೆ, ನಡುವಿನ ಜೇಡರ ಬಲೆಯ ಚಿತ್ತಾರದ ತೆಳುಹಾಳೆ ಹರಿದಿರುತ್ತದೆ. ಇನ್ನೂ ಖಚಿತವಾದ ಗುರುತೆಂದರೆ ಒಂದೇ ಆಲ್ಬಮಿನಲ್ಲಿ ಎರಡು ಮೂರು ಬೇರೆ ಬೇರೆ ದಂಪತಿಗಳಿರುವುದು: ಧಾರೆಗೆ ಒಂದು ಜೋಡಿ, ಸಪ್ತಪದಿಗೆ ಇನ್ನೊಂದು. ಛಾಯಾಗ್ರಾಹಕನು ಹಲವು ಮದುವೆಗಳ ಉತ್ತಮ ಘಳಿಗೆಗಳನ್ನು ಜೋಡಿಸಿ, ಎಂದೂ ನಡೆಯದ ಒಂದು ಪರಿಪೂರ್ಣ ಮದುವೆಯನ್ನು ಕಟ್ಟಿದ್ದಾನೆ. ಸೂಚೀಕಾರರು ಇಂಥ ಆಲ್ಬಮನ್ನು ಬಿಡಿಸಿ ಚಿತ್ರಗಳನ್ನು ವಿಷಯವಾರು ಹಂಚಿಬಿಟ್ಟರೆ ಆ ಸಾಕ್ಷ್ಯ ಶಾಶ್ವತವಾಗಿ ನಾಶವಾಗುತ್ತದೆ. ಆಲ್ಬಂ ಇದ್ದ ಕ್ರಮದಲ್ಲಿಯೇ ಅದನ್ನು ಒಂದು ಘಟಕವಾಗಿ ದಾಖಲಿಸಬೇಕೆಂಬುದು ಈ ಲೇಖಕನ ಆಗ್ರಹ.

ಮುಖದ ಮೇಲಿನ ಹಕ್ಕಿನ ಪ್ರಶ್ನೆ ಉಳಿಯುತ್ತದೆ. ಇದರ ಬಗ್ಗೆ ನ್ಯಾಯಾಲಯವೊಂದು ಸ್ಪಷ್ಟವಾಗಿ ಮಾತಾಡಿದ್ದು 1888ರ ಇಂಗ್ಲೆಂಡಿನ ಪೊಲಾರ್ಡ್ ಮೊಕದ್ದಮೆಯಲ್ಲಿ. ಹಣ ತೆತ್ತು ಭಾವಚಿತ್ರ ತೆಗೆಸಿಕೊಂಡ ಮಹಿಳೆಯ ಒಂದು ಪ್ರತಿಯನ್ನು ಛಾಯಾಗ್ರಾಹಕನು ಕ್ರಿಸ್ಮಸ್ ಶುಭಾಶಯ ಪತ್ರವಾಗಿ ಅಲಂಕರಿಸಿ ಅಂಗಡಿಯ ಕಿಟಕಿಯಲ್ಲಿಟ್ಟಿದ್ದ. ನ್ಯಾಯಮೂರ್ತಿ ನಾರ್ತ್ ಅವರು ಅದನ್ನು ಪ್ರತಿಬಂಧಿಸಿದರು. ಗಾಜಿನ ನೆಗೆಟಿವ್ ಛಾಯಾಗ್ರಾಹಕನದೇ ಆಗಿದ್ದರೂ, ಗಿರಾಕಿಗಾಗಿ ಮಾತ್ರ ಅದನ್ನು ಬಳಸುವೆನೆಂಬ ಒಪ್ಪಂದ ವ್ಯವಹಾರದಲ್ಲಿಯೇ ಅಂತರ್ಗತವಾಗಿದೆ, ಅದನ್ನು ಮೀರುವುದು ವಿಶ್ವಾಸಭಂಗ ಎಂಬುದು ತೀರ್ಪಿನ ಸಾರ. 1890ರಲ್ಲಿ ಅಮೆರಿಕದ ವಾರೆನ್ ಮತ್ತು ಬ್ರಾಂಡೈಸ್ ಖಾಸಗಿತನದ ಹಕ್ಕನ್ನು ಕುರಿತು ಬರೆದ ಪ್ರಸಿದ್ಧ ಲೇಖನದಲ್ಲಿ ಈ ತೀರ್ಪನ್ನು ಆಧಾರವಾಗಿ ಬಳಸಿದರು. ಆಧುನಿಕ ಜಗತ್ತಿನ ಒಂದು ದೊಡ್ಡ ಕಾನೂನು ಪರಿಕಲ್ಪನೆಯ ಬೇರಿನ ಬಳಿ ಅಂಗಡಿಯ ಕಿಟಕಿಯಲ್ಲಿಟ್ಟ ಒಂದು ಮಾದರಿ ಚಿತ್ರವಿದೆಯೆಂಬುದು ಕುತೂಹಲದ ಸಂಗತಿ.

ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣವೂ ಇದೇ ಜಾಡಿನಲ್ಲಿದೆ. ಒಬ್ಬರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ತೆಗೆದ ಛಾಯಾಚಿತ್ರದ ಮೊದಲ ಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಹಾಗೆ ಕೋರಿದವರದೇ. ಅಂದರೆ ನಮ್ಮ ಷೋಕೇಸುಗಳ ವಧೂವರರ ಚಿತ್ರಗಳ ಕೃತಿಸ್ವಾಮ್ಯ ಸ್ಟುಡಿಯೋದ್ದಲ್ಲ, ಮದುವೆಯ ಮನೆಯವರದು. ಈ ಕಾನೂನನ್ನು ಬಲ್ಲ ಗಿರಾಕಿಗಳು ಎಷ್ಟಿದ್ದರೋ ಹೇಳಲಾಗದು. ತಮ್ಮ ಮಗಳ ಚಿತ್ರ ಪೇಟೆಬೀದಿಯ ಗಾಜಿನ ಹಿಂದೆ ಇರುವುದನ್ನು ಹೆಮ್ಮೆಯಿಂದ ಬಂಧುಗಳಿಗೆ ತೋರಿಸಿದವರೂ ಇದ್ದರು, ತೆಗೆಯಿರಿ ಎಂದು ಜಗಳಕ್ಕೆ ನಿಂತವರೂ ಇದ್ದರು. ಮದುವೆ ಮುರಿದುಬಿದ್ದ ಮೇಲೂ, ಚಿತ್ರದಲ್ಲಿದ್ದವರು ತೀರಿಕೊಂಡ ಮೇಲೂ ಆ ನಗುಮುಖ ಅಲ್ಲಿಯೇ ಇದ್ದಿರಬಹುದಾದ ಸಂದರ್ಭಗಳನ್ನು ಊಹಿಸುವುದು ಕಷ್ಟವಲ್ಲ. ವಧುವನ್ನು ಯಾರೂ ಕೇಳಿರಲಿಲ್ಲ ಎಂಬುದಂತೂ ನಿಜ. ಒಪ್ಪಿಗೆ ಎಂಬುದಿದ್ದರೆ ಅದು ಹಣ ಕೊಟ್ಟ ತಂದೆಯದು ಅಥವಾ ಮಾವನದು. 1994ರ ರಾಜಗೋಪಾಲ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಖಾಸಗಿತನದ ವ್ಯಾಪ್ತಿಯಲ್ಲಿ ವಿವಾಹವನ್ನೂ ಹೆಸರಿಸಿ ಸೇರಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

ಗ್ರಂಥಾಲಯಗಳಿಗೆ ಇದು ಕೇವಲ ತಾತ್ತ್ವಿಕ ಪ್ರಶ್ನೆಯಲ್ಲ. 2012ರ ತಿದ್ದುಪಡಿಯವರೆಗೆ ಛಾಯಾಚಿತ್ರದ ಕೃತಿಸ್ವಾಮ್ಯದ ಅವಧಿಯನ್ನು ಪ್ರಕಟಣೆಯ ವರ್ಷದಿಂದ ಎಣಿಸಲಾಗುತ್ತಿತ್ತು. ಆ ಬಳಿಕ ಅದು ಇತರ ಕಲಾಕೃತಿಗಳಂತೆ ಕರ್ತೃವಿನ ಜೀವಿತಾವಧಿಗೆ ಅರವತ್ತು ವರ್ಷ ಸೇರಿಸಿದಷ್ಟಾಯಿತು. ಮಾದರಿ ಚಿತ್ರದಲ್ಲಿ ಕರ್ತೃವಿನ ಗುರುತು ಸ್ಟುಡಿಯೋದ ಮೊಹರಿನಿಂದ ಸಿಗುತ್ತದೆ. ಸ್ವಾಮ್ಯವುಳ್ಳವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಅದನ್ನು ಹುಡುಕಲು ಇರುವ ಒಂದೇ ದಾರಿ ಹಿಂಬದಿಯ ನೆಗೆಟಿವ್ ಸಂಖ್ಯೆಯನ್ನು ಹಿಡಿದು ಸ್ಟುಡಿಯೋದ ಮುಂಗಡದ ಪುಸ್ತಕಕ್ಕೆ ಹೋಗುವುದು. ಯಾವ ತಾರೀಖಿನಂದು ಯಾರಿಂದ ಎಷ್ಟು ಬಂತು, ಮದುವೆ ಯಾವ ಛತ್ರದಲ್ಲಿ ಎಂಬ ವಿವರಗಳನ್ನು ಮಾಲೀಕರು ಅದರಲ್ಲಿ ಗುರುತುಹಾಕಿಕೊಳ್ಳುತ್ತಿದ್ದರು. ಚಿತ್ರಗಳನ್ನು ಆಸೆಯಿಂದ ಕೊಂಡು ತರುವ ಸಂಗ್ರಾಹಕರು ಆ ಪುಸ್ತಕಗಳನ್ನು ಸಾಮಾನ್ಯವಾಗಿ ರದ್ದಿಯವನಿಗೆ ಬಿಟ್ಟು ಬರುತ್ತಾರೆ.